ಶೀಶೆಯಲ್ಲಿ ಇಲ್ಲದ ಚರ್ಮ, ಮೂಗಿನಲ್ಲಿ ಉಳಿದ ಬಾಲ್ಯ

ಇಂಟರ್ನಲ್ಸ್ ಮುಗಿದ ಸಂಜೆ ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ಪ್ರಯೋಗ ನಡೆಯಿತು. ಪ್ರಯೋಗ ಅಂತ ಹೆಸರಿಟ್ಟದ್ದು ಆಮೇಲೆ, ಆಗ ಅದು ಬರೀ ಟೈಮ್‌ಪಾಸ್. ರೂಮ್‌ಮೇಟ್ ಒಬ್ಬನ ಚಿಕ್ಕಪ್ಪ ದುಬೈನಿಂದ ಸೆಂಟಿನ ಸಣ್ಣ ಸ್ಯಾಂಪಲ್ ಶೀಶೆಗಳನ್ನು ತಂದುಕೊಟ್ಟಿದ್ದರು. ಒಂದರ ಮೇಲೆ ‘ಲೆದರ್’ ಅಂತ ಬರೆದಿತ್ತು. ನೋಟ್‌ಬುಕ್ ಹಾಳೆಯನ್ನು ಪಟ್ಟಿಗಳಾಗಿ ಕತ್ತರಿಸಿ, ಒಂದೊಂದು ಹನಿ ಹಾಕಿ, ನಾಲ್ಕೂ ಜನ ಕಣ್ಣು ಮುಚ್ಚಿ ಮೂಸಿದೆವು.

ಒಬ್ಬನಿಗೆ ಹೊಸ ಕ್ರಿಕೆಟ್ ಬಾಲ್ ಕಾಣಿಸಿತು. ಟೆನಿಸ್ ಬಾಲ್ ಬಿಟ್ಟು ಮೊದಲ ಸಲ ಲೆದರ್ ಬಾಲ್ ಹಿಡಿದ ದಿನ, ಬೆರಳಿಗೆ ತಾಗಿದ ಹೊಲಿಗೆ. ಇನ್ನೊಬ್ಬನಿಗೆ ಜೂನ್ ತಿಂಗಳು, ಹೊಸ ಸ್ಕೂಲ್ ಶೂ, ಮೊದಲ ಮಳೆಗೇ ಅದು ಒದ್ದೆಯಾಗಿ ಅತ್ತದ್ದು. ಮೂರನೆಯವನು ಮಾತ್ರ ಮೂಗು ಸಿಂಡರಿಸಿ, “ಏನ್ರೋ ಇದು, ಚಪ್ಪಲಿ ಹೊಲಿಯೋ ಅಂಗಡಿ ವಾಸನೆ! ಇದಕ್ಕೆ ದುಡ್ಡು ಬೇರೆ ಕೊಡ್ತಾರಾ?” ಅಂದ. ಎಲ್ಲರೂ ನಕ್ಕೆವು. ನಾಲ್ಕನೆಯವನು ನಗಲಿಲ್ಲ. ತಲೆನೋವು ಅಂತ ಹೇಳಿ ಎದ್ದು ಹೊರಗೆ ಹೋದ. ಅವನ ವಿಷಯಕ್ಕೆ ಆಮೇಲೆ ಬರೋಣ.

ಒಂದೇ ಶೀಶೆ, ಒಂದೇ ಹನಿ, ಆದ್ರೆ ಒಬ್ಬೊಬ್ಬರಿಗೂ ಬೇರೆ ಚಿತ್ರ ಯಾಕೆ? ಈ ಪ್ರಶ್ನೆ ಹಿಡಿದು ಎರಡು ವಾರ ಓದಿದೆವು. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ತಿದ್ದೇವೆ.

ಶೀಶೆಯೊಳಗೆ ಏನಿದೆ?

ಲೆದರ್ ಸೆಂಟಿನಲ್ಲಿ ಚರ್ಮ ಇರೋದಿಲ್ಲ! ಗುಲಾಬಿಯಿಂದ ಗುಲಾಬಿ ಎಣ್ಣೆ ತೆಗೆದ ಹಾಗೆ ಚರ್ಮದಿಂದ ‘ಚರ್ಮದ ಎಣ್ಣೆ’ ತೆಗೆಯೋದಿಲ್ಲ. ನಾವು ಚರ್ಮದ ವಾಸನೆ ಅಂತ ಕರೆಯೋದರಲ್ಲಿ ದೊಡ್ಡ ಪಾಲು ಅದನ್ನು ಹದ ಮಾಡಲು ಬಳಸಿದ ತೊಗಟೆ, ಎಣ್ಣೆ, ಹೊಗೆಯದ್ದು.

ಇದಕ್ಕೆ ಒಳ್ಳೆಯ ಉದಾಹರಣೆ ರಷ್ಯಾದ ಚರ್ಮ. ಅಲ್ಲಿ ಹದ ಮಾಡಿದ ಚರ್ಮಕ್ಕೆ ಬರ್ಚ್ ಮರದ ತೊಗಟೆಯಿಂದ ತೆಗೆದ ಟಾರ್ ಎಣ್ಣೆ ಉಜ್ಜುತ್ತಿದ್ದರು. (ಬರ್ಚ್ ಅಂದ್ರೆ ನಮ್ಮ ಭೂರ್ಜಪತ್ರದ ಮರದ ಜಾತಿ.) ತೊಗಟೆಯನ್ನು ಗಾಳಿ ಆಡದಂತೆ ಮುಚ್ಚಿ ಕಾಯಿಸಿದರೆ ಕಪ್ಪು ಟಾರ್ ಇಳಿಯುತ್ತದೆ. ಅದರಲ್ಲಿ ಗ್ವಾಯಕಾಲ್, ಕ್ರೆಸಾಲ್ ತರದ ಫೀನಾಲ್‌ಗಳಿರುತ್ತವೆ. ಹೊಗೆಯ ವಾಸನೆ ಬರುವುದು ಅವುಗಳಿಂದಲೇ. ಈ ಎಣ್ಣೆ ಚರ್ಮಕ್ಕೆ ನೀರು, ಹುಳ ತಾಗದಂತೆ ಕಾಯುತ್ತಿತ್ತು. ಎಷ್ಟರ ಮಟ್ಟಿಗೆ ಗೊತ್ತಾ? 1786ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಂದರಿನ ಬಳಿ ‘ಮೆಟ್ಟಾ ಕ್ಯಾಥರೀನಾ’ ಎಂಬ ಹಡಗು ರಷ್ಯಾದ ಚರ್ಮದ ಕಟ್ಟುಗಳ ಸಮೇತ ಮುಳುಗಿತು. 1973ರಲ್ಲಿ ಮುಳುಗುಗಾರರಿಗೆ ಅದು ಸಿಕ್ಕಾಗ ಒಳಗಿದ್ದ ಚರ್ಮ ಇನ್ನೂ ಬಳಸುವ ಸ್ಥಿತಿಯಲ್ಲಿತ್ತು. ಅದರಿಂದ ಹೊಸ ವಸ್ತುಗಳನ್ನೂ ಮಾಡಿದರು.

ಸೆಂಟು ಮಾಡುವವರು ಈ ಬರ್ಚ್ ಟಾರನ್ನೇ ಎರವಲು ಪಡೆದರು. ಶ್ಯಾನೆಲ್ ಕಂಪನಿ 1920ರ ದಶಕದಲ್ಲಿ ತಂದ ಒಂದು ಸೆಂಟಿನ ಹೆಸರಿನ ಅರ್ಥವೇ ‘ರಷ್ಯಾದ ಚರ್ಮ’. 1944ರಲ್ಲಿ ಜರ್ಮೇನ್ ಸೆಲ್ಯೇ ಎಂಬಾಕೆ ರೂಪಿಸಿದ ‘ಬ್ಯಾಂಡಿಟ್’ನಲ್ಲಿ ಚರ್ಮದ ಕೆಲಸ ಮಾಡುವುದು ಐಸೋಬ್ಯೂಟೈಲ್ ಕ್ವಿನೊಲಿನ್. ಕೆಮಿಸ್ಟ್ರಿಯಲ್ಲಿ ಓದಿದ ಕ್ವಿನೊಲಿನ್ ನೆನಪಿದೆಯಲ್ಲ, ಬೆಂಜೀನ್ ಉಂಗುರಕ್ಕೆ ಪಿರಿಡಿನ್ ಉಂಗುರ ಅಂಟಿಕೊಂಡಿರುತ್ತೆ? ಅದಕ್ಕೆ ನಾಲ್ಕು ಕಾರ್ಬನ್‌ನ ಒಂದು ಬಾಲ ಸೇರಿಸಿದರೆ ಇದು ಬರುತ್ತದೆ.

ತಮಾಷೆ ನೋಡಿ. ಫ್ರಾನ್ಸಿನ ಗ್ರಾಸ್ ಪಟ್ಟಣ ಇವತ್ತು ಸುಗಂಧಕ್ಕೆ ಪ್ರಸಿದ್ಧ, ಆದರೆ ಮೊದಲು ಅದು ಚರ್ಮ ಹದ ಮಾಡುವವರ ಊರು. ಹದ ಮಾಡಿದ ಚರ್ಮದ ಕೆಟ್ಟ ವಾಸನೆ ಮುಚ್ಚಲು ಕೈಗವಸುಗಳಿಗೆ ಹೂವಿನ ಪರಿಮಳ ಹಚ್ಚಲು ಶುರು ಮಾಡಿದರು. ಕೈಗವಸು ಮಾಡುವವರೇ ಸುಗಂಧ ಮಾಡುವವರೂ ಆದರು. ಅಂದ್ರೆ ಒಂದು ಕಾಲದಲ್ಲಿ ಚರ್ಮದ ವಾಸನೆ ಮುಚ್ಚೋಕೆ ಸೆಂಟು ಬೇಕಿತ್ತು. ಆಮೇಲೆ ಅದೇ ವಾಸನೆಯನ್ನು ಶೀಶೆಗೆ ತುಂಬಿ ದುಬಾರಿ ಬೆಲೆಗೆ ಮಾರಿದರು.

ಮೂಗಿನಿಂದ ನೆನಪಿಗೆ

ಹನಿ ಆವಿಯಾದಾಗ ಅಣುಗಳು ಮೂಗಿನ ಮೇಲ್ಭಾಗದ ತೆಳು ಪದರಕ್ಕೆ ಹೋಗಿ ತಾಗುತ್ತವೆ. ಅಲ್ಲಿ ನಮಗೆ ಸುಮಾರು 400 ಬಗೆಯ ವಾಸನೆ ಗ್ರಾಹಕಗಳಿವೆ. ಇವುಗಳ ಜೀನ್‌ಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ವರದಿ ಮಾಡಿದರು. 2004ರಲ್ಲಿ ಇಬ್ಬರಿಗೂ ನೊಬೆಲ್ ಸಿಕ್ಕಿತು. ಒಂದು ಅಣು ಸಾಮಾನ್ಯವಾಗಿ ಹಲವು ಗ್ರಾಹಕಗಳನ್ನು ಒಟ್ಟಿಗೆ ಒತ್ತುತ್ತದೆ. ಒಂದು ಕೀ ಒತ್ತಿದರೆ ಒಂದು ಅಕ್ಷರ ಬಂದ ಹಾಗಲ್ಲ ಇದು. ಹಾರ್ಮೋನಿಯಂನಲ್ಲಿ ನಾಲ್ಕೈದು ಮನೆ ಒಟ್ಟಿಗೆ ಒತ್ತಿದಾಗ ಬರುವ ನಾದದ ಹಾಗೆ.

ಮುಂದಿನ ದಾರಿಯೇ ಮುಖ್ಯ. ಕಣ್ಣು, ಕಿವಿಯ ಸಿಗ್ನಲ್‌ಗಳು ಮೊದಲು ಥ್ಯಾಲಮಸ್ ಎಂಬ ಜಂಕ್ಷನ್ನಿಗೆ ಹೋಗಿ, ಅಲ್ಲಿಂದ ಕಾರ್ಟೆಕ್ಸ್ ತಲುಪುತ್ತವೆ. ವಾಸನೆ ಆ ಜಂಕ್ಷನ್ನಿನಲ್ಲಿ ನಿಲ್ಲದೆ ನೇರವಾಗಿ ವಾಸನೆಯ ಕಾರ್ಟೆಕ್ಸಿಗೂ, ಭಾವನೆಗೆ ಸಂಬಂಧಿಸಿದ ಅಮಿಗ್ಡಲಾಗೂ ಹೋಗುತ್ತದೆ. ನೆನಪು ಕಟ್ಟುವ ಹಿಪೊಕ್ಯಾಂಪಸ್ ಅಲ್ಲಿಂದ ತುಂಬ ಹತ್ತಿರ. ಅದಕ್ಕೇ ‘ಇದು ಯಾವ ವಾಸನೆ’ ಅಂತ ಹೆಸರು ಸಿಗುವ ಮುಂಚೆಯೇ ಗಂಟಲು ಕಟ್ಟಿರುತ್ತದೆ.

ಬಾಲ್ಯವೇ ಯಾಕೆ? ಮಾತು ಅಥವಾ ಫೋಟೊ ತೋರಿಸಿ ಹಳೆಯದನ್ನು ಕೇಳಿದರೆ ವಯಸ್ಸಾದವರು ಹೆಚ್ಚಾಗಿ ಹದಿಹರೆಯ, ಇಪ್ಪತ್ತರ ಆಸುಪಾಸಿನದ್ದು ಹೇಳುತ್ತಾರೆ. ವಾಸನೆ ಕೊಟ್ಟು ಕೇಳಿದರೆ ಇನ್ನೂ ಹಿಂದಕ್ಕೆ, ಮೊದಲ ಹತ್ತು ವರ್ಷಕ್ಕೆ ಹೋಗುತ್ತಾರೆ ಅಂತ ಸಂಶೋಧಕರು ಕಂಡುಕೊಂಡಿದ್ದಾರೆ. ವಾಸನೆಯ ಜೊತೆ ಮೊದಲು ಸೇರಿಕೊಂಡ ನೆನಪು ಗಟ್ಟಿ. ಆಮೇಲೆ ಬಂದವು ಅದರ ಮೇಲೆ ಬರೆಯಬಹುದು, ಆದ್ರೆ ಪೂರ್ತಿ ಅಳಿಸಲಾರವು.

ನಾಲ್ಕನೆಯವನು ಹೇಳಿದ್ದು

ಅವನ ಒಪ್ಪಿಗೆ ಪಡೆದೇ ಇದನ್ನು ಬರೀತಿದ್ದೇವೆ. ಹೆಸರು ಬೇಡ ಅಂದಿದ್ದಾನೆ.

ಆ ರಾತ್ರಿ ಲೈಟ್ ಆರಿಸಿದ ಮೇಲೆ ಅವನೇ ಮಾತು ತೆಗೆದ. “ಅದು ನಮ್ಮಪ್ಪನ ಕೈ ವಾಸನೆ ಕಣ್ರೋ.”

ಅವರಪ್ಪ ಬಸ್ ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯುತ್ತಾರೆ. ಇವನು ಏಳನೇ ಕ್ಲಾಸಿನಲ್ಲಿದ್ದಾಗ ಬೆಂಚಿನಲ್ಲಿ ಪಕ್ಕದ ಹುಡುಗ ಮೂಗು ಮುಚ್ಚಿಕೊಂಡನಂತೆ. ಮುಂದಿನ ಪೇರೆಂಟ್ಸ್ ಮೀಟಿಂಗಿಗೆ ಅಪ್ಪ ನಿಂಬೆಹಣ್ಣು ಹಾಕಿ ಕೈ ಉಜ್ಜಿಕೊಂಡು, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದಿದ್ದರು. “ಆದ್ರೂ ನಾನು ಗೇಟ್ ಹತ್ರಾನೇ ನಿಲ್ಲಿಸಿ, ಮೀಟಿಂಗ್ ಕ್ಯಾನ್ಸಲ್ ಆಗಿದೆ ಅಂತ ಸುಳ್ಳು ಹೇಳಿದೆ. ಸುಳ್ಳು ಅಂತ ಅವರಿಗೆ ಗೊತ್ತಿತ್ತು. ಸರಿ ಮಗ, ಅಂತ ವಾಪಸ್ ಹೋದ್ರು.”

ನಮಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಮುಂದುವರಿಸಿದ. ಪಟ್ಟಿ ಮೂಸಿದಾಗ ಮೊದಲು ಬಂದದ್ದು ಆ ಗೇಟ್ ಅಲ್ಲವಂತೆ. ಅದಕ್ಕೂ ಹಿಂದಿನದು. ನಾಲ್ಕೈದು ವರ್ಷದವನಾಗಿ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು, ಮೇಣ ಹಚ್ಚಿದ ದಾರದ ಒಂದು ತುದಿ ಹಿಡಿದುಕೊಂಡಿದ್ದದ್ದು. “ಆಗ ಆ ವಾಸನೆ ನಂಗೆ ತುಂಬ ಇಷ್ಟ ಇತ್ತು. ಅದು ಮರೆತೇ ಹೋಗಿತ್ತು.” ಗೇಟ್ ನೆನಪಾದದ್ದು ಅದರ ಹಿಂದೆಯೇ, ನಾವು ನಕ್ಕಾಗ.

ಇದನ್ನು ನಾವು ಪೇಪರ್‌ಗಳಲ್ಲಿ ಓದಿದ್ದು ಆಮೇಲೆ. ಮೊದಲು ಗೊತ್ತಾದದ್ದು ಅವನಿಂದಲೇ. ವಾಸನೆ ಅವನನ್ನು ಮೊದಲ ಹತ್ತು ವರ್ಷಕ್ಕೆ ಕರೆದುಕೊಂಡು ಹೋಯಿತು. ಅಲ್ಲಿ ನಾಚಿಕೆ ಇರಲಿಲ್ಲ. ನಾಚಿಕೆಯನ್ನು ಆಮೇಲೆ ಕಲಿಸಲಾಯಿತು. ಚರ್ಮದ ಕೆಲಸ ಮಾಡುವವರನ್ನು ಊರಾಚೆ ಇಟ್ಟ ಜಾತಿ ಅದನ್ನು ಕಲಿಸಿತು, ಮೂಗು ಮುಚ್ಚಿಕೊಂಡ ಪಕ್ಕದ ಹುಡುಗ ಕಲಿಸಿದ. ಆ ಸಂಜೆ ನಕ್ಕ ನಾವು ಮೂವರೂ ಅದನ್ನೇ ಮತ್ತೊಮ್ಮೆ ಮಾಡಿದೆವು. ಗ್ವಾಯಕಾಲ್ ಅಣುವಿಗೆ ಜಾತಿ ಇಲ್ಲ. ಶೀಶೆಯಲ್ಲಿದ್ದರೆ ಐಷಾರಾಮ, ಅಪ್ಪನ ಕೈಯಲ್ಲಿದ್ದರೆ ಕೊಳಕು ಅಂತ ತೀರ್ಮಾನ ಮಾಡಿದ್ದು ನಾವು.

ನೀವೂ ಮಾಡಿ ನೋಡಿ

ದುಬಾರಿ ಸೆಂಟು ಬೇಡ. ಶೂ ಪಾಲಿಶ್, ಹಳೆ ಬೆಲ್ಟು, ಕ್ರಿಕೆಟ್ ಬಾಲ್, ಯಾವುದಾದರೂ ಸಾಕು. ಕಣ್ಣು ಮುಚ್ಚಿ ಮೂಸಿ. ಇದೇನು ಅಂತ ಊಹಿಸಲು ಹೋಗದೆ, ಮೊದಲು ಬಂದ ಚಿತ್ರವನ್ನು ಎರಡು ಸಾಲಿನಲ್ಲಿ ಬರೆಯಿರಿ. ಆಗ ನಿಮಗೆ ಎಷ್ಟು ವಯಸ್ಸು ಅಂತ ಪಕ್ಕದಲ್ಲಿ ಗುರುತು ಹಾಕಿ. ಆಮೇಲೆ ಒಬ್ಬೊಬ್ಬರಾಗಿ ಓದಿ. ಒಂದೇ ನಿಯಮ: ಎಲ್ಲರೂ ಓದಿ ಮುಗಿಸುವ ತನಕ ಯಾರೂ ನಗಬಾರದು. ನಾವು ಆ ನಿಯಮ ಸೇರಿಸಿದ್ದು ತಡವಾಗಿ.

ಕಳೆದ ವಾರ ನಮ್ಮ ಗೆಳೆಯ ಊರಿಗೆ ಹೋಗುವಾಗ ಆ ಸ್ಯಾಂಪಲ್ ಶೀಶೆ ಕೇಳಿ ತೆಗೆದುಕೊಂಡ. ಅಪ್ಪನಿಗೆ ಮೂಸಲು ಕೊಟ್ಟನಂತೆ. ಅವರು ಎರಡು ಸಲ ಮೂಸಿ, “ಎಣ್ಣೆ ಸರಿಯಾಗಿ ಕುಡಿಸಿಲ್ಲ ಈ ಚರ್ಮಕ್ಕೆ” ಅಂದರಂತೆ.