ಗುಂಪಿನಲ್ಲಿ ಸೈಕಲ್: ಬಿದ್ದದ್ದು ನನ್ನ ತಪ್ಪೇ?

ಪ್ರಶ್ನೆ: ನನಗೆ 43 ವರ್ಷ, ಹೈಸ್ಕೂಲ್ ಶಿಕ್ಷಕಿ. ನಮ್ಮ ಬಡಾವಣೆಯ ಸೈಕಲ್ ಗುಂಪಿನ ಜೊತೆ ಭಾನುವಾರ ಬೆಳಿಗ್ಗೆ ನಂಜನಗೂಡಿನ ಕಡೆ ಹೋಗುತ್ತೇನೆ. ಹೋದ ತಿಂಗಳು ಮುಂದಿದ್ದವರು ಹಂಪ್ ಕಂಡು ಗಕ್ಕನೆ ಬ್ರೇಕ್ ಹಾಕಿ ಪಕ್ಕಕ್ಕೆ ಸರಿದರು. ಅವರ ಹಿಂದಿನ ಚಕ್ರ ನನ್ನ ಮುಂದಿನ ಚಕ್ರಕ್ಕೆ ತಾಗಿ ನಾನು ಬಿದ್ದೆ, ಅವರಿಗೆ ಏನೂ ಆಗಲಿಲ್ಲ. ‘ಮೇಡಂಗೆ ಇನ್ನೂ ಬ್ಯಾಲೆನ್ಸ್ ಬಂದಿಲ್ಲ’ ಎಂದು ನಕ್ಕರು. ಮಣಿಕಟ್ಟು ಇನ್ನೂ ನೋಯುತ್ತಿದೆ. ನಿಧಾನವಾಗಿ ಹೋಗಿ ಎನ್ನಲು ಸಂಕೋಚ. ಮನೆಯವರು ‘ಈ ವಯಸ್ಸಿಗೆ ಯಾಕೆ, ಬಿಟ್ಟುಬಿಡು’ ಎನ್ನುತ್ತಾರೆ. ಏನು ಮಾಡಲಿ?
– ಒಬ್ಬ ಓದುಗಿ, ಮೈಸೂರು

ಉತ್ತರ: ಬಿಡಬೇಡಿ ಮೇಡಂ. ಬಿದ್ದದ್ದು ಬ್ಯಾಲೆನ್ಸ್ ಇಲ್ಲದೆ ಅಲ್ಲ. ಎರಡು ಸೈಕಲ್‌ಗಳ ಚಕ್ರ ತಾಗಿದರೆ ಸಾಮಾನ್ಯವಾಗಿ ಬೀಳುವುದು ಹಿಂದಿನವರೇ. ಮುಂದಿನವರಿಗೆ ಸಣ್ಣ ಧಕ್ಕೆ ತಗುಲಿದಂತಾಗುತ್ತದೆ, ಅಷ್ಟೆ. ಹಿಂದಿನವರ ಹ್ಯಾಂಡಲ್ ಮಾತ್ರ ತಿರುಚಿಕೊಳ್ಳುತ್ತದೆ. ಎಷ್ಟೇ ಪಳಗಿದ ಸವಾರರಾದರೂ ಆಗ ಸಾವರಿಸಿಕೊಳ್ಳುವುದು ಕಷ್ಟ. ಮುಂದಿರುವವರಿಗೆ ಇದರ ಬಿಸಿ ತಟ್ಟುವುದಿಲ್ಲ. ನಿಮ್ಮ ಗುಂಪಿನವರು ನಕ್ಕದ್ದು ಅದಕ್ಕೇ ಇರಬಹುದು, ಆದರೆ ನಕ್ಕದ್ದು ಸರಿಯಲ್ಲ.

ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೈಕಲ್ ಸೆಕೆಂಡಿಗೆ ಸುಮಾರು 7 ಮೀಟರ್ ಸಾಗುತ್ತದೆ; ತೀರಾ ಹತ್ತಿರವಿದ್ದರೆ, ಮುಂದಿನವರು ಬ್ರೇಕ್ ಹಾಕಿದ್ದು ಅರಿವಾಗುವಷ್ಟರಲ್ಲೇ ಅಂತರ ಮುಗಿದಿರುತ್ತದೆ. ಬೆನ್ನಿಗೇ ಅಂಟಿಕೊಂಡು ಹೋದರೆ ಗಾಳಿ ಕಡಿಮೆ, ಶ್ರಮ ಕಡಿಮೆ. ಆ ಆಸೆಗೇ ಎಲ್ಲರೂ ಹತ್ತಿರ ಹೋಗುವುದು. ಆದರೆ ನಮ್ಮ ರಸ್ತೆಗಳಲ್ಲಿ ಬಣ್ಣ ಬಳಿಯದ ಹಂಪ್‌ಗಳಿವೆ, ನಾಯಿಗಳು ಅಡ್ಡ ಬರುತ್ತವೆ, ಸುಗ್ಗಿಯಲ್ಲಿ ಒಕ್ಕಣೆಗೆಂದು ಹುರುಳಿ, ರಾಗಿ ಹರಡಿರುತ್ತಾರೆ. ಎರಡು ಸೈಕಲ್ ಹಿಡಿಸುವಷ್ಟು ಅಂತರ ಬಿಡಿ. ಇನ್ನೂ ಮುಖ್ಯವಾದದ್ದು, ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಬರಲೇಬಾರದು. ಅವತ್ತು ಬಂದಿದ್ದರಿಂದಲೇ ತಾಗಿದೆ. ಇಷ್ಟು ನಿಮ್ಮ ಕೈಯಲ್ಲಿದೆ.

ಉಳಿದದ್ದು ಗುಂಪಿನ ಹೊಣೆ. ಮುಂದಿರುವವರಿಗೆ ಕಾಣುವ ರಸ್ತೆ ಹಿಂದಿನವರಿಗೆ ಕಾಣದು, ಕಾಣುವುದು ಬರೀ ಬೆನ್ನು. ಹಾಗಾಗಿ ‘ಹಂಪ್’, ‘ಎಡಕ್ಕೆ ಗುಂಡಿ’, ‘ನಿಲ್ಲಿಸ್ತಾ ಇದ್ದೀನಿ’ ಎಂದು ಮುಂದಿನವರು ಕೂಗಿ ಹೇಳಬೇಕು, ಕೇಳಿಸಿಕೊಂಡ ಪ್ರತಿಯೊಬ್ಬರೂ ಅದನ್ನು ಹಿಂದಕ್ಕೆ ದಾಟಿಸಬೇಕು. ‘ಹಿಂದೆ ಲಾರಿ’ ಎಂಬುದು ಕೊನೆಯವರಿಂದ ಮುಂದಕ್ಕೆ ಬರಬೇಕು. ಗುಂಡಿಯತ್ತ ಕೈ ತೋರಿಸುವುದೂ ಒಳ್ಳೆಯದೇ. ಆದರೆ ರಸ್ತೆ ಕೆಟ್ಟಲ್ಲಿ ಎರಡೂ ಕೈ ಹ್ಯಾಂಡಲ್ ಮೇಲಿರಲಿ, ಬಾಯಿ ಸಾಕು. ವಾಹನ ಬಂದಾಗ ಒಂದೇ ಸಾಲು; ಹರಟೆಗೆ ಜೋಡಿಯಾಗಿ ಹೋಗುವುದು ಖಾಲಿ ರಸ್ತೆಯಲ್ಲಿ ಮಾತ್ರ.

ವೇಗದ ವಿಷಯದಲ್ಲಿ ನೀವು ಸಂಕೋಚಪಡಬೇಕಾದದ್ದು ಏನೂ ಇಲ್ಲ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಸಾಲಿನ ಕೊನೆಗೆ ಒಬ್ಬ ಶಿಕ್ಷಕರು ಇದ್ದೇ ಇರುತ್ತಾರಲ್ಲ, ಇಲ್ಲೂ ಹಾಗೇ: ಪಂಕ್ಚರ್ ಕಿಟ್, ಪಂಪು ಇಟ್ಟುಕೊಂಡ ಅನುಭವಿ ಒಬ್ಬರು ಕೊನೆಯಲ್ಲಿರಬೇಕು, ಅವರಿಗಿಂತ ಹಿಂದೆ ಯಾರೂ ಉಳಿಯಬಾರದು. ವೇಗ ಬೇಕಾದವರು ಮುಂದೆ ಹೋಗಿ ಗೊತ್ತುಪಡಿಸಿದ ಜಾಗದಲ್ಲಿ ಕಾಯಲಿ. ನೀವು ತಲುಪಿದ ತಕ್ಷಣ ಹೊರಟುಬಿಟ್ಟರೆ ಅದು ಕಾದಂತಲ್ಲ; ನೀವು ನೀರು ಕುಡಿದು ಉಸಿರು ತೆಗೆದುಕೊಳ್ಳುವವರೆಗೂ ನಿಲ್ಲಬೇಕು.

ರಸ್ತೆ ಮಧ್ಯೆ ಜಗಳ ಬೇಡ. ಹೊರಡುವ ಮುನ್ನ, ಎಲ್ಲರೂ ಟೈರಿಗೆ ಗಾಳಿ ನೋಡಿಕೊಳ್ಳುತ್ತಿರುವಾಗ ಹೇಳಿ: ‘ಹೋದ ಸಲ ನಾನು ಬಿದ್ದೆ. ಇವತ್ತಿಂದ ಹಂಪ್, ಗುಂಡಿ ಕಂಡವರು ಕೂಗಿ ಹೇಳೋಣ. ಕೊನೆಗೆ ಯಾರು ಇರ್ತೀರಿ?’ ಗುಂಪಿನಲ್ಲಿ ಇನ್ನೂ ಒಬ್ಬಿಬ್ಬರಿಗೆ ಇದೇ ಭಯ ಇದ್ದು, ಬಾಯಿ ಬಿಡದೆ ಇರಬಹುದು. ಅಷ್ಟು ಹೇಳಿದ ಮೇಲೂ ನಗುವವರಿದ್ದರೆ ಆ ಗುಂಪು ಬಿಡಿ, ಸೈಕಲ್ ಬಿಡಬೇಡಿ. ನಿಮ್ಮ ವೇಗದ ಒಬ್ಬ ಗೆಳತಿ ಸಿಕ್ಕರೂ ನಂಜನಗೂಡು ದೂರವೇನಲ್ಲ. ಮನೆಯವರ ಆತಂಕವನ್ನೂ ತಳ್ಳಿಹಾಕಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು, ಜೊತೆಗಿರುವವರ ನಂಬರ್, ಇಷ್ಟು ಅವರ ಬಳಿ ಇರಲಿ.

ಬಿದ್ದಾಗ ಹೆಲ್ಮೆಟ್‌ಗೆ ಪೆಟ್ಟಾಗಿದ್ದರೆ ಬದಲಿಸಿ. ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಫೋಮ್ ಒಮ್ಮೆ ಜಜ್ಜಿದರೆ ಮತ್ತೆ ಕಾಪಾಡದು. ಇನ್ನು, ನೀವು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ ಮಣಿಕಟ್ಟಿನ ನೋವು. ಅಂಗೈ ಊರಿ ಬಿದ್ದಾಗ ಹೆಬ್ಬೆರಳಿನ ಬುಡದ ಸಣ್ಣ ಮೂಳೆ ಸೀಳುವುದುಂಟು, ಅದು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು. ಒಂದು ತಿಂಗಳ ಮೇಲೂ ನೋವಿದೆ ಎಂದರೆ ಈ ವಾರವೇ ಮೂಳೆ ವೈದ್ಯರಿಗೆ ತೋರಿಸಿ, ಸೈಕಲ್ ಆಮೇಲೆ ಹತ್ತಿ.