ಎಣ್ಣೆಯನ್ನುಣ್ಣುವ ಅಣುಜೀವಿಗಳು

ಸೊಲ್ಲಾಪುರದಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿಯು ಬಸವಕಲ್ಯಾಣದ ಸಮೀಪದಲ್ಲಿ ಹಾದು ಹುಮನಾಬಾದನ್ನು ಮುಟ್ಟುತ್ತದೆ. ಹಗಲಿರುಳೂ ಲಾರಿಗಳು ಓಡಾಡುವ ಇಂತಹ ದಾರಿಗಳ ಬದಿಯಲ್ಲಿ, ವಾಹನಗಳನ್ನು ದುರಸ್ತಿ ಮಾಡುವ ಎಡೆಗಳಲ್ಲಿ, ನೆಲವು ಎಣ್ಣೆ ಕುಡಿದು ಕಪ್ಪಾಗಿರುವುದನ್ನು ನೀವು ನೋಡಿರಬಹುದು. ಅಲ್ಲಿ ಹುಲ್ಲು ಸಹ ಸರಿಯಾಗಿ ಚಿಗುರದು. ಮಳೆ ಬಿದ್ದಾಗ ಆ ಎಣ್ಣೆಯ ಅಂಶವು ಹಳ್ಳವನ್ನೋ ಬಾವಿಯನ್ನೋ ಸೇರಬಹುದು. ಹೀಗೆ ಕೆಟ್ಟ ನೆಲವನ್ನು ಶುದ್ಧಗೊಳಿಸುವವರು ಯಾರು?

ಈ ಕೆಲಸಕ್ಕೆ ನೆರವಾಗುವ ಬ್ಯಾಕ್ಟೀರಿಯಗಳು ಮಣ್ಣಿನಲ್ಲಿಯೇ ಇವೆ. ಪೆಟ್ರೋಲು, ಡೀಸೆಲ್ಲುಗಳು ಬಹುಮಟ್ಟಿಗೆ ಇಂಗಾಲ ಮತ್ತು ಜಲಜನಕಗಳ ಸಂಯುಕ್ತಗಳು. ನಮಗೆ ವಿಷವಾದ ಈ ವಸ್ತುಗಳೇ ಕೆಲವು ಬ್ಯಾಕ್ಟೀರಿಯಗಳಿಗೆ ಆಹಾರ. ಅವು ಕಿಣ್ವಗಳ ಸಹಾಯದಿಂದ ಎಣ್ಣೆಯ ಅಣುಗಳನ್ನು ಹಂತಹಂತವಾಗಿ ಒಡೆದು, ಕೊನೆಗೆ ನೀರು ಮತ್ತು ಇಂಗಾಲದ ಡೈ ಆಕ್ಸೈಡ್‌ಗಳನ್ನಾಗಿ ಮಾರ್ಪಡಿಸಬಲ್ಲವು.

ಬೆಂಗಳೂರಿನ ಪೆಟ್ರೋಲ್ ಬಂಕೊಂದರ ಮಣ್ಣಿನಲ್ಲಿ ಇಂತಹ ಒಂದು ಬ್ಯಾಕ್ಟೀರಿಯ ದೊರೆಯಿತು. ಅದಕ್ಕೆ ಸಿಎಸ್‌ವಿ86 ಎಂದು ಹೆಸರಿಟ್ಟರು. 1994ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅದರ ಬಗೆಗೆ ಪ್ರಬಂಧ ಪ್ರಕಟಿಸಿದರು. ನುಸಿಗುಳಿಗೆಗಳಲ್ಲಿ ಬಳಸುವ, ಕಚ್ಚಾ ಎಣ್ಣೆಯಲ್ಲಿಯೂ ಇರುವ ನ್ಯಾಫ್ತಲೀನನ್ನು ಅದು ಉಂಡು ಬದುಕುತ್ತದೆ. ಗ್ಲೂಕೋಸನ್ನೂ ನ್ಯಾಫ್ತಲೀನನ್ನೂ ಒಟ್ಟಿಗೆ ಕೊಟ್ಟರೆ, ಅದು ಸಿಹಿಯನ್ನು ಬದಿಗಿರಿಸಿ ನ್ಯಾಫ್ತಲೀನನ್ನೇ ಮೊದಲು ಉಣ್ಣುತ್ತದೆ! ಇದೇ ಅದರ ವೈಶಿಷ್ಟ್ಯ.

ಈ ಶಕ್ತಿ ಅದಕ್ಕೆ ಎಲ್ಲಿಂದ ಬಂದಿತು? ಉತ್ತರ ಅದರ ಡಿಎನ್‌ಎಯಲ್ಲಿದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಗ್ರಂಥದಂತಿರುವ ಈ ಡಿಎನ್‌ಎಯ ಒಟ್ಟು ಮೊತ್ತವೇ ಜೀನೋಮ್. ಅಕ್ಷರಗಳನ್ನು ಅನುಕ್ರಮವಾಗಿ ಓದಿದರೆ, ಯಾವ ಕಿಣ್ವವನ್ನು ತಯಾರಿಸುವ ಸೂಚನೆ ಎಲ್ಲಿದೆಯೆಂಬುದು ತಿಳಿಯುತ್ತದೆ. ಸಿಎಸ್‌ವಿ86ರ ಅರುವತ್ತು ಲಕ್ಷಕ್ಕೂ ಮಿಕ್ಕ ಅಕ್ಷರಗಳ ಜೀನೋಮ್ 2013ರಲ್ಲಿ ಪ್ರಕಟವಾಯಿತು. ಮುಂದಿನ ಅಧ್ಯಯನದಿಂದ ಅದು ಬೇರೆಯೇ ಪ್ರಭೇದವೆಂದು ತಿಳಿದು, 2022ರಲ್ಲಿ ‘ಸ್ಯೂಡೋಮೊನಾಸ್ ಭಾರತಿಕ’ ಎಂಬ ಹೆಸರನ್ನು ಪಡೆಯಿತು.

ಆದರೆ ಜೀನೋಮನ್ನು ಓದಿದ ಮಾತ್ರಕ್ಕೆ ನೆಲ ಶುದ್ಧವಾಗದು. ಬ್ಯಾಕ್ಟೀರಿಯಗಳಿಗೆ ತೇವ, ಗಾಳಿ, ಸಾರಜನಕ, ರಂಜಕಗಳು ಬೇಕು, ಕಾಲವೂ ಬೇಕು. ಒಂದು ಡಬ್ಬಿ ಹಳೆಯ ಎಣ್ಣೆಯನ್ನು ನೆಲಕ್ಕೆ ಚೆಲ್ಲಲು ಒಂದು ಗಳಿಗೆ ಸಾಕು. ಅದನ್ನು ಅರಗಿಸಿಕೊಳ್ಳಲು ಮಣ್ಣಿಗೆ ಎಷ್ಟೋ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಆದುದರಿಂದ ಎಣ್ಣೆ ಚೆಲ್ಲದಂತೆ ನೋಡಿಕೊಳ್ಳುವುದೇ ನಮ್ಮ ಮೊದಲ ಕರ್ತವ್ಯ.

ಅಭ್ಯಾಸ

1. ಬ್ಯಾಕ್ಟೀರಿಯಗಳು ಎಣ್ಣೆಯನ್ನು ಹೇಗೆ ಮಾರ್ಪಡಿಸುತ್ತವೆ?
2. ಸಿಎಸ್‌ವಿ86ರ ವೈಶಿಷ್ಟ್ಯವೇನು?
3. ಜೀನೋಮನ್ನು ಓದುವುದರಿಂದ ಏನು ತಿಳಿಯುತ್ತದೆ?