ಗುಂಡೇಟು ಬಿದ್ದ ಮೇಲೆ ಲೆಕ್ಕ ಕೇಳುವವರು ಯಾರು?



ಮದ್ದೂರಿನ ಶಿವಪುರದ ಸತ್ಯಾಗ್ರಹ ಸೌಧವನ್ನು ಬಸ್ಸಿನಿಂದಲಾದರೂ ನಮ್ಮಲ್ಲಿ ಬಹಳ ಮಂದಿ ನೋಡಿದ್ದೇವೆ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ನಿಷೇಧವಿದ್ದರೂ ಬಾವುಟ ಹಾರಿಸಿದ್ದಕ್ಕೆ ಟಿ. ಸಿದ್ದಲಿಂಗಯ್ಯನವರು ಮತ್ತಿತರರ ಬಂಧನವಾಯಿತು. ಇಷ್ಟು ಮಕ್ಕಳ ಪುಸ್ತಕದಲ್ಲೂ ಇದೆ. ಮುಂದಿನದು ಅಷ್ಟಾಗಿ ಗೊತ್ತಿಲ್ಲ.

ಎರಡೇ ವಾರ ಕಳೆದು, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ನಾಡೆಲ್ಲ ಕೆರಳಿತು. ಗಾಂಧೀಜಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರನ್ನು ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್‌ರ ಜೊತೆ ಮಾತುಕತೆಯಾಗಿ, ಮೇ ತಿಂಗಳಲ್ಲೇ ಬಾವುಟಕ್ಕೆ ಒಪ್ಪಿಗೆ ಸಿಕ್ಕಿತು. ವಿಚಾರಣೆಗೆ ವೇಪಾ ರಾಮೇಶಂ ಸಮಿತಿಯೂ ಬಂತು. ಬಾವುಟದ ವಿಷಯ ವಾರಗಳಲ್ಲಿ ಬಗೆಹರಿಯಿತು, ನಿಜ. ಆದರೆ ಸತ್ತವರೆಷ್ಟು? ಸರ್ಕಾರದ್ದೊಂದು ಲೆಕ್ಕ, ಜನರದ್ದು 30ಕ್ಕೂ ಹೆಚ್ಚು. ಇವತ್ತಿಗೂ ಅದು ಒಂದಾಗಿಲ್ಲ. ಸತ್ತವರ ಲೆಕ್ಕವೇ ಸರಿಹೋಗದಿದ್ದರೆ ಕೊಂದವರ ಲೆಕ್ಕ ಕೇಳೋದು ಹೇಗೆ?

ಈಗಲೂ ಹಾಗೇ ಆಗುತ್ತೆ. ಸಾವಾದ ದಿನ ಊರೇ ರಸ್ತೆಗಿಳಿಯುತ್ತದೆ. ಬಸ್ಸಿಗೆ ಒಂದು ಕಲ್ಲು ಬಿದ್ದರೆ ಸಾಕು, ಮಾತೆಲ್ಲ ಬಸ್ಸಿನದ್ದೇ. ನಮ್ಮ ಹುಡುಗರ ಮೇಲೆ ಕೇಸು, ವರ್ಷಗಟ್ಟಲೆ ಕೋರ್ಟಿಗೆ ಓಡಾಟ. ಸತ್ತವನ ಕಾಗದಪತ್ರ ಹಿಡಿದು ಓಡಾಡಲು ಉಳಿಯುವವಳು ಅವನ ಹೆಂಡತಿ ಅಥವಾ ತಾಯಿ. ಬಾವುಟ ಹಿಡಿದು ಬಂದವರು ಅಷ್ಟರಲ್ಲಿ ಮನೆಗೆ ಹೋಗಿರುತ್ತಾರೆ.

ಸರ್ಕಾರ "ಆಯೋಗ ನೇಮಿಸಿದ್ದೇವೆ" ಅಂದ ಕೂಡಲೇ ನಾವು ಸಮಾಧಾನ ಪಡ್ತೀವಿ. ಆದರೆ 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ಆಯೋಗ ಕೊಡುವುದು ವರದಿ ಮಾತ್ರ, ಶಿಕ್ಷೆಯಲ್ಲ. ವರದಿ ಬಂದ ಆರು ತಿಂಗಳೊಳಗೆ, ಏನು ಕ್ರಮ ಕೈಗೊಂಡಿತೆಂಬ ಟಿಪ್ಪಣಿಯೊಂದಿಗೆ ಸರ್ಕಾರ ಅದನ್ನು ಶಾಸನಸಭೆಯಲ್ಲಿಡಬೇಕು. ನಮ್ಮ ಶಾಸಕರನ್ನು ಕೇಳಬೇಕಾದ ಪ್ರಶ್ನೆ ಇದು. ಶಿಕ್ಷೆಯಾಗಬೇಕಾದರೆ ಎಫ್‌ಐಆರ್ ಬೇಕು, ನ್ಯಾಯಾಲಯ ಬೇಕು.

ಲಾಕಪ್ ಸಾವಾದರೆ ಪೊಲೀಸ್ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟರ ವಿಚಾರಣೆಯೂ ಕಡ್ಡಾಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಂನಲ್ಲಿ ಇದು ಇದೆ. 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು, ಮರಣೋತ್ತರ ಪರೀಕ್ಷೆಯ ವಿಡಿಯೋ ತೆಗೆಯಬೇಕು ಎಂದು ಆಯೋಗವೇ ಹೇಳಿದೆ. ನಾವೂ ಆಯೋಗಕ್ಕೆ ದೂರು ಬರೆಯಬಹುದು. ಆದರೆ ಘಟನೆಯಾದ ಒಂದು ವರ್ಷದೊಳಗೆ. ತಿಥಿ ಕಳೀಲಿ, ಬೆಳೆ ಕಟಾವಾಗಲಿ ಅಂತ ಕೂತರೆ ಆ ವರ್ಷ ಹೋದದ್ದೇ ಗೊತ್ತಾಗಲ್ಲ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಮಂಡ್ಯದಲ್ಲಿ ಜಿಲ್ಲಾ ಪ್ರಾಧಿಕಾರ, ಮದ್ದೂರು, ಮಳವಳ್ಳಿಯಲ್ಲಿ ತಾಲ್ಲೂಕು ಸಮಿತಿ ಇದೆ. ಕೋರ್ಟಿನಲ್ಲಿ ವಿಚಾರಿಸಿ. ಹೋಗುವಾಗ ಒಬ್ಬಳನ್ನೇ ಕಳಿಸದೆ, ಸಂಘದ ಇಬ್ಬರು ಜೊತೆಗೆ ಹೋಗಿ, ದೂರು ಕೊಟ್ಟ ದಿನಾಂಕವನ್ನು ನಡವಳಿ ಪುಸ್ತಕದಲ್ಲಿ ಬರೆದಿಡಿ.